ಹೆಚ್ಚಿಗೆ ಬಂದ ಉಕ್ಕು

ನಾನು ಮೈಸೂರು ಕಡೆಯವಳು. ಚೆನ್ನೈನ ಗಿಂಡಿ ಬಡಾವಣೆಯ ಒಂದು ಕಚೇರಿಯಲ್ಲಿ ಕುಳಿತು, ಭೂಕಂಪ ತಡೆಯುವ ಉಕ್ಕಿನ ಗೋಡೆಗಳನ್ನು ವಿನ್ಯಾಸ ಮಾಡುತ್ತೇನೆ. "ಚೆನ್ನೈನಲ್ಲಿ ಎಲ್ರೀ ಭೂಕಂಪ?" ಎನ್ನುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈಚೀಚೆಗೆ "ಬಂದ ಮೇಲೆ ಕೇಳಿ" ಅಂದುಬಿಡುತ್ತೇನೆ.

ವಡಪಳನಿಯಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲಿಗೆ ಹೊಸ ಕಟ್ಟಡ ಏಳುತ್ತಿತ್ತು. ಕೆಳಗೆ ಹೋಟೆಲು, ಮೇಲಿನ ಮಹಡಿಗಳಲ್ಲಿ ಕೆಲಸಗಾರರ ವಸತಿ. ನನ್ನ ನಕ್ಷೆಯಲ್ಲಿದ್ದದ್ದು ಉಕ್ಕಿನ ಕಂಬಗಳು, ಅವುಗಳ ನಡುವೆ ಗೋಡೆಯಾಗಿ ತೆಳ್ಳನೆಯ ಉಕ್ಕಿನ ತಗಡು. ತಗಡು ಬಂದ ದಿನ ಹೋಗಿ ಬೆರಳಿನಿಂದ ತಟ್ಟಿದೆ. ಸದ್ದು ಬೇರೆಯೇ ಇತ್ತು. ಅಳೆದರೆ, ಬರೆದದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ದಪ್ಪ! ಕಬ್ಬಿಣದಲ್ಲಿ ಕದಿಯುವವರನ್ನು ಬೇಕಾದಷ್ಟು ಕಂಡಿದ್ದೆ, ಹೆಚ್ಚಿಗೆ ಕೊಡುವವರನ್ನು ಕಂಡಿರಲಿಲ್ಲ. ಸಿಟ್ಟಿಗಿಂತ ಕುತೂಹಲವೇ ಜಾಸ್ತಿಯಾಯಿತು.

ಮಾಲೀಕರು ನಾಚಿಕೊಂಡೇ ಒಪ್ಪಿಕೊಂಡರು. "ನಾನೇ ಹೇಳಿದ್ದು ಮಾರಾಯ್ರೇ. ನಮ್ಮಲ್ಲಿ ಸಾಂಬಾರು ಕೇಳಿದವರಿಗೆ ಒಂದು ಸೌಟು ಹೆಚ್ಚೇ ಬಡಿಸುವುದು. ಗೋಡೆಗೆ ಎಂತಕ್ಕೆ ಜಿಪುಣತನ? ಮೇಲೆ ಮಲಗುವವರೆಲ್ಲ ನಮ್ಮೂರ ಮಕ್ಕಳು. ನಿಮ್ಮನ್ನು ನಂಬಿ ಕಳಿಸ್ತಿದ್ದೇವೆ ಅಂತ ಅವರ ಅಮ್ಮಂದಿರು ಹೇಳಿದ್ದುಂಟು."

"ಸರ್, ಈ ದಪ್ಪದಿಂದಲೇ ಅವರಿಗೆ ಅಪಾಯ," ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದೇ ಮೊದಲು ಅಂದುಕೊಂಡರು; ಆಮೇಲೆ ಅವರ ಮುಖ ಸಪ್ಪಗಾಯಿತು.

ಹಳೆಯ ಹೋಟೆಲಿನ ಅಡುಗೆಮನೆಯಿಂದ ಇಡ್ಲಿ ಬಟ್ಟೆ ತರಿಸಿದೆ. ಮೇಲಿನ ಎರಡು ಮೂಲೆ ನನ್ನ ಕೈಯಲ್ಲಿ, ಕೆಳಗಿನವು ಅವರ ಕೈಯಲ್ಲಿ. ನಾನು ಪಕ್ಕಕ್ಕೆ ಸರಿದಾಗ ಬಟ್ಟೆಯಲ್ಲಿ ಓರೆಯಾಗಿ ನೆರಿಗೆಗಳು ಎದ್ದವು.

"ನೆಲ ಅಲ್ಲಾಡಿದಾಗ ತಗಡೂ ಹೀಗೇ ನೆರಿಗೆ ಬೀಳಬೇಕು. ಆ ಅಲ್ಲಾಟವನ್ನೆಲ್ಲ ಅದೇ ತಿಂದು ಹಾಳಾಗಬೇಕು. ಆಮೇಲೆ ಹೊಸದು ಹಾಕ್ಬಹುದು. ದಪ್ಪ ತಗಡು ಬಗ್ಗಲ್ಲ, ಕಂಬಗಳನ್ನೇ ಎಳೆದು ಮುರಿಯುತ್ತೆ. ಕಂಬ ಹೋದ್ರೆ ಮಹಡಿಗಳೂ ಹೋದವು."

"ಹಾಗಾದ್ರೆ ಕಂಬವನ್ನೂ ದಪ್ಪ ಮಾಡುವ," ಎಂದರು. ಯೋಚನೆ ಸರಿಯಾಗಿಯೇ ಇತ್ತು, ನನಗೆ ಖುಷಿಯಾಯಿತು. ಆದರೆ ಅಡಿಪಾಯ ಹಾಕಿಯಾಗಿತ್ತು; ಅಷ್ಟು ಬಲವಾದ ಕಂಬದ ಸೆಳೆತವನ್ನು ಅದು ತಡೆಯುವುದಿಲ್ಲ ಎಂದೆ. ಅವರು ಬಟ್ಟೆಯನ್ನು ತಾವೇ ಇನ್ನೂ ಒಂದೆರಡು ಸಲ ಎಳೆದು ನೋಡಿದರು. "ಅತಿಯಾದ್ರೆ ಅಮೃತವೂ ವಿಷ ಅಂತ ನೀವು ಹೇಳುವುದು, ಅಲ್ವಾ?" ಎಂದು ಮೇಸ್ತ್ರಿಯನ್ನು ಕರೆದು, "ಎಲ್ಲಾಂ ತಿರುಪ್ಪಿ ಅನುಪ್ಪುಂಗ," ಎಂದರು. ದಪ್ಪ ತಗಡು ಬಂದ ದಾರಿಯಲ್ಲೇ ವಾಪಸು ಹೋಯಿತು.

ತೆಳ್ಳನೆಯದು ಬಂದಾಗ ಮಾಲೀಕರು ಅಂಗೈಯಿಂದ ಒತ್ತಿದರು. ತಗಡು ಒಳಗೆ ಸರಿದು, ಬಿಟ್ಟಾಗ ಗುಡುಗಿತು.

"ಇದನ್ನು ನಂಬಬೇಕಾ?"

"ನಂಬಬೇಕು ಸರ್."

ಅವರು ತಗಡನ್ನು ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಹೇಳಿದರು: "ನಕ್ಷೆಯಲ್ಲಿ ಮೇಲಿನ ಮಹಡಿಯಲ್ಲಿ ನನಗೂ ಒಂದು ಕೋಣೆ ಹಾಕಿ. ಮಕ್ಕಳನ್ನು ಇಲ್ಲಿ ಮಲಗಿಸಿ ನಾನು ಮನೆಯಲ್ಲಿ ಮಲಗಿದ್ರೆ ನಿದ್ದೆ ಬರ್ಲಿಕ್ಕಿಲ್ಲ."

ಎಷ್ಟೋ ಕಟ್ಟಡಗಳಿಗೆ ಗೋಡೆ ಬರೆದಿದ್ದೇನೆ. ಒಳಗೆ ಮಲಗುವವರೊಬ್ಬರು ಎದುರಿಗೆ ನಿಂತು ನನ್ನ ಗೋಡೆಯನ್ನು ಹೀಗೆ ಒಪ್ಪಿಕೊಂಡದ್ದು ಅದೇ ಮೊದಲು. ಕಚೇರಿಗೆ ಬಂದವಳೇ, ಸರಿಯಿದೆಯೆಂದು ಚೆನ್ನಾಗಿ ಗೊತ್ತಿದ್ದ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಲು ಕುಳಿತೆ.