ಮಾಯುವಿನ ಮೂರು ಮನೆ

ಕಿಯೊನೊ ಅಕ್ಕ ಮೂರು ವರ್ಷದ ಹಿಂದೆ ನಮ್ಮ ಓಣಿಗೆ ಬಂದಳು. ಐವತ್ತು ವರ್ಷ ಕಿಮೊನೊ ಹೊಲಿದ ಕೈ. ಅವಳ ಮಾತಿಗೆ ಎದುರಾಡುವ ಗಂಡಸು ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಮೂರು ಮನೆ ಆಚೆ ತೋಫು ಮಾರುವ ಚಿಜು ನಾನು, ಹೆಂಗಸಾಗಿ ಎದುರಾಡಿ ನೋಡಿದ್ದೇನೆ. ಪ್ರಯೋಜನವಿಲ್ಲ.

ಅವಳ ಹತ್ತೊಂಬತ್ತು ವರ್ಷದ ಹೆಣ್ಣು ಬೆಕ್ಕಿನ ಹೆಸರು ಮಾಯು. ಅದನ್ನು ಕಂಡವರಿಲ್ಲ ಎಂದುಕೊಂಡಿದ್ದೆವು. ಗಿರಾಕಿಗಳ ರೇಷ್ಮೆಗೆ ರೋಮ ಹತ್ತುತ್ತದೆಂದು ಮಧ್ಯಾಹ್ನವೆಲ್ಲ ಅದನ್ನು ಹಿಂದಿನ ಕೋಣೆಯಲ್ಲಿ ಬಿಟ್ಟು ಬಾಗಿಲೆಳೆಯುತ್ತಿದ್ದಳು. ಗಾಳಿಗೆಂದು ಕೈಯಗಲ ತೆರೆದಿಟ್ಟ ಕಿಟಕಿಯಲ್ಲಿ ಬೆಕ್ಕು ನುಸುಳೀತೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಹೋದ ಚಳಿಗಾಲ ಮಾಯು ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು, ಸೊರಗಿಹೋಯಿತು. ಮೂತ್ರಪಿಂಡ ಸೋತಿದೆ ಎಂದರು ಪಶುವೈದ್ಯೆ. ದಿನಾ ಚರ್ಮದಡಿ ಸೂಜಿ ಚುಚ್ಚಿ, ಗ್ಲೂಕೋಸ್ ಏರಿಸುವಂತೆ ಲವಣದ ನೀರು ಏರಿಸಬೇಕು. ಪಥ್ಯದ ಊಟ ಬಿಟ್ಟು ಬೇರೇನೂ ಬಾಯಿಗೆ ಹೋಗಕೂಡದು.

"ಮನೇಲಿ ನೀವೇ ಸೂಜಿ ಚುಚ್ಚೋಕಾಗುತ್ತಾ ಅಮ್ಮಾ?"

"ನನ್ನನ್ನ ಕೇಳ್ತೀಯಾ ಹುಡುಗಿ? ಕೊಡು ಇಲ್ಲಿ."

ಚುಚ್ಚಿದಳು. ಬೆಕ್ಕು ಕಿವಿ ಕೂಡ ಅಲ್ಲಾಡಿಸಲಿಲ್ಲವಂತೆ.

ಆದರೂ ತೂಕ ಇಳಿಯುತ್ತಲೇ ಹೋಯಿತು. "ಪಥ್ಯ ಮುರೀತಿದೆ. ಹೀಗೇ ಆದ್ರೆ ಚೆರ್ರಿ ಹೂ ಬಿಡೋ ಹೊತ್ತಿಗೆ ಇರಲ್ಲ" ಎಂದರು ವೈದ್ಯೆ. ಯಾರೋ ಕಿಟಕಿಯಿಂದ ತಿಂಡಿ ಎಸೆಯುತ್ತಿದ್ದಾರೆಂದು ಅಕ್ಕನ ಅನುಮಾನ. ಓಣಿಯ ಮನೆಮನೆ ಸುತ್ತುವ ಸುತ್ತೋಲೆ ಹಲಗೆಗೆ ಚೀಟಿ ಸಿಕ್ಕಿಸಿದಳು: 'ನಮ್ಮ ಮಾಯುವಿಗೆ ಕಾಯಿಲೆ. ಏನನ್ನೂ ತಿನ್ನಿಸಬೇಡಿ.' ಹಲಗೆ ಬಂದರೆ ಓದಿ, ಓದಿದ ಗುರುತಿಗೆ ಮೊಹರು ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು.

ನಾನು ಅಕ್ಷರ ಬಿಡದೆ ಓದಿದೆ. "ಅಯ್ಯೋ ಪಾಪ, ಯಾವ ದರಿದ್ರದವರು ಆ ಬೆಕ್ಕಿಗೆ ತಿನ್ನಿಸ್ತಿದ್ದಾರೋ!" ಎಂದು ಮೊಹರು ಒತ್ತಿದೆ. ಕಾಲ ಬುಡದಲ್ಲಿ ಒಕಾರಾ ಕರುಂಕುರುಂ ಒಣಮೀನು ಕಡಿಯುತ್ತಿತ್ತು. ಒಕಾರಾ ಎಂದರೆ ದಿನಾ ಮೂರು ಗಂಟೆಗೆ ನನ್ನ ಹಿತ್ತಿಲಿಗೆ ಬರುವ ಬಿಳಿ ಬೆಕ್ಕು. ದಿಕ್ಕಿಲ್ಲದ್ದೆಂದು ನಾನೇ, ತೋಫು ಮಾಡಿ ಉಳಿದ ಬಿಳಿ ಸೋಯಾ ಹಿಂಡಿಯ ಹೆಸರನ್ನು ಅದಕ್ಕಿಟ್ಟಿದ್ದೆ.

ಮುಂದಿನ ವಾರ ನೋಡುತ್ತೇನೆ, ಒಕಾರಾದ ಮುಂಗಾಲಿನ ರೋಮ ಯಾರೋ ಬೋಳಿಸಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಆ ವರ್ಷ ಓಣಿಯ ಸಂಘಕ್ಕೆ ಕಿಯೊನೊ ಅಕ್ಕನೇ ಮುಖ್ಯಸ್ಥೆ. ಬೆಕ್ಕನ್ನು ಎತ್ತಿಕೊಂಡು ಅವಳ ಬಾಗಿಲು ಬಡಿದೆ.

"ಅಕ್ಕಾ, ನೋಡಿಲ್ಲಿ! ನನ್ನ ಒಕಾರಾ ಕಾಲು ಬೋಳ್ಸಿದಾರೆ! ಯಾವನವನು ಅಂತ ಹಲಗೇಲಿ ಬರಿ, ಬಿಡಬೇಡ!"

ಬೆಕ್ಕು ನನ್ನ ಕೈಯಿಂದ ಜಿಗಿದು, ಅವಳ ಕಾಲಿಗೆ ಮೈಯುಜ್ಜಿ, ಒಳಗೆ ನಡೆಯಿತು. ಅಕ್ಕ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ರಕ್ತ ತೆಗೆಯೋಕೆ ಡಾಕ್ಟ್ರು ಬೋಳ್ಸಿದ್ದು. ನಿನ್ನ ಜೇಬಲ್ಲೇನದು?"

"ಒಣಮೀನು..."

"ದಿನಾನಾ?"

"ದಿನಾ ಅಂದ್ರೆ... ನಾಲ್ಕೇ ನಾಲ್ಕು."

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತೆ. ಆ ಬೆಕ್ಕೆಂದರೆ ನನಗೆ ಪ್ರಾಣ. ಅದರ ಪ್ರಾಣವನ್ನು ನಾನೇ ತೆಗೆಯುತ್ತಿದ್ದೆ. ಅಕ್ಕ ಸಮಾಧಾನ ಮಾಡಲಿಲ್ಲ.

"ಅತ್ತಿದ್ದು ಸಾಕು. ಇನ್ಯಾರ ಮನೆಗೆ ಹೋಗುತ್ತೆ ಹೇಳು."

ಕುವಾಹಾರಾ ಹೆಸರನ್ನು ತಕ್ಷಣ ಹೇಳಿಬಿಟ್ಟೆ. ನಾನೊಬ್ಬಳೇ ಯಾಕೆ ಬೈಸಿಕೊಳ್ಳಲಿ? ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ದಿನಾ ಬಂಗುಡೆ ತಲೆ ಹಾಕಿ ಬೆಕ್ಕನ್ನು 'ಯಜಮಾನ್ರೇ' ಎಂದು ಕರೆಯುತ್ತಿದ್ದ. ಅಕ್ಕ ಹೋಗಿ ಜಾಡಿಸಿದ್ದನ್ನೆಲ್ಲ ಕೇಳಿ, ಕೊನೆಗೆ ಒಂದೇ ಮಾತು ಅಂದ: "ಯಜಮಾನ್ರು ಹೆಣ್ಣಾ?"

ಬೆಕ್ಕನ್ನು ಕೂಡಿಹಾಕುತ್ತಾಳೆಂದುಕೊಂಡಿದ್ದೆ. ಇಲ್ಲ. "ಈ ವಯಸ್ಸಲ್ಲಿ ಅದರ ತಿರುಗಾಟ ಯಾಕೆ ನಿಲ್ಲಿಸ್ಲಿ? ನಿಮ್ಮನೇಲೂ ಪಥ್ಯದ ಊಟಾನೇ ಇಡಿ" ಎಂದು ಇಬ್ಬರಿಗೂ ಒಂದೊಂದು ಚೀಲ ಕೊಟ್ಟಳು. ಮೊದಲ ದಿನ ಮಾಯು ನನ್ನ ಬಟ್ಟಲು ಮೂಸಿ, ಮುಖ ತಿರುಗಿಸಿ ಕುವಾಹಾರಾ ಮನೆಗೆ ಹೋಯಿತು. ಅಲ್ಲೂ ಅದೇ. ಮರಳಿ ಬಂದು, ನನ್ನನ್ನು ದುರುಗುಟ್ಟಿ ನೋಡಿ, ತಿಂದಿತು.

ಚೆರ್ರಿ ಹೂ ಬಿಟ್ಟವು. ಮಾಯುವಿನ ತೂಕ ಇನ್ನೂರು ಗ್ರಾಂ ಏರಿತ್ತು. ವೈದ್ಯೆ ನಂಬದೆ ಎರಡು ಸಲ ತೂಗಿದರು.

ಆ ಮಧ್ಯಾಹ್ನ ಅಕ್ಕ ನನ್ನನ್ನು ಕರೆದು ಸೂಜಿ ಕೈಗಿಟ್ಟಳು.

"ಅಯ್ಯೋ, ನಾನ್ಯಾಕಕ್ಕಾ?"

"ನನಗೆ ಎಪ್ಪತ್ತಾರು. ನಾನು ಹಾಸಿಗೆ ಹಿಡಿದ ದಿನ ಇದಕ್ಕೆ ಯಾರು ಚುಚ್ಚೋರು? ಕಲಿ."

ಕತ್ತಿನ ಹಿಂದಿನ ಚರ್ಮ ಎತ್ತಿ ಹಿಡಿದೆ. ಸೂಜಿ ಹತ್ತಿರ ತಂದು, ಮತ್ತೆ ಹಿಂದಕ್ಕೆಳೆದೆ.

"ಮೀನು ಕೊಡೋವಾಗ ನಡುಗದ ಕೈ ಈಗ್ಯಾಕೆ ನಡುಗುತ್ತೆ? ಚುಚ್ಚೇ, ಚಿಜು."

ಚುಚ್ಚಿದೆ.