ಮರಳು ತುಂಬಿದ ಎಣ್ಣೆ ಡಬ್ಬ

ಹೊಸದುರ್ಗದ ವೃದ್ಧಾಶ್ರಮವೊಂದರಲ್ಲಿ ನಾನು ಆಯಾ ಆಗಿದ್ದಾಗ ಹಜಾರದ ಗೋಡೆಯ ಮೇಲೊಂದು ಬೋರ್ಡಿತ್ತು: ಧೂಮಪಾನ ನಿಷೇಧಿಸಲಾಗಿದೆ. ಅದರ ಕೆಳಗೇ ಮತ್ತೋಡು ಕಡೆಯ ಅಜ್ಜರೊಬ್ಬರ ಮಂಚ. ಐವತ್ತು ವರ್ಷ ಬೀಡಿ ಸೇದಿದ ಬಾಯಿ ಬೋರ್ಡು ನೋಡಿ ಸುಮ್ಮನಾಗುತ್ತದೆಯೇ? ನೋಡಲು ಬಂದ ನೆಂಟರೇ ಎಲೆಅಡಿಕೆ ಚೀಲದಲ್ಲಿ ಬೀಡಿ ಕಟ್ಟು ಮುಚ್ಚಿಟ್ಟು ಕೊಟ್ಟುಹೋಗುತ್ತಿದ್ದರು.

ಅಂಗಳದ ಬೇವಿನ ಮರದಡಿ ಒಂದು ಬೆಂಚು, ಬೀಡಿ ಆರಿಸಲು ಒಂದು ಡಬ್ಬ ಮರಳು ಇಡಿಸಿ, ನಮ್ಮ ಕಣ್ಣೆದುರೇ ಸೇದಲಿ ಎಂದು ಮಾಲೀಕರನ್ನು ಎಷ್ಟು ಸಲ ಕೇಳಿದೆನೋ. ಅವರದು ಒಂದೇ ಮಾತು: "ಮರಳು ಇಟ್ರೆ ಇಲ್ಲಿ ಸೇದ್ತಾರೆ ಅಂತ ನಾವೇ ಒಪ್ಕಂಡಂಗೆ ಆಗ್ತೈತಲ್ಲಮ್ಮ." ಎಂಥ ಬುದ್ಧಿ! ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿ, ಕಳುವಾದೀತೆಂದು ಆಫೀಸಿನೊಳಗೆ ಬೀಗ ಹಾಕಿಟ್ಟವರೂ ಇವರೇ.

ಒಂದು ಮಧ್ಯಾಹ್ನ ಮಾಲೀಕರ ಚಪ್ಪಲಿ ಸದ್ದು ಕೇಳಿ ಅಜ್ಜ ಉರಿಯುವ ಬೀಡಿಯನ್ನು ಹಾಸಿಗೆಯಡಿ ತುರುಕಿದರು. ಅವರು ದಾಟಿಹೋದ ಮೇಲೆ ಅಜ್ಜ, ಬೀಡಿ ಆರಿತೆಂದುಕೊಂಡು ಕೋಲೂರಿ ಬಚ್ಚಲಿಗೆ ಹೋದರು. ಅದು ತೆಂಗಿನ ನಾರಿನ ಹಾಸಿಗೆ, ಒಳಗೊಳಗೇ ಹೊಗೆಯಾಡತೊಡಗಿತು. ಪಕ್ಕದ ಮಂಚದಲ್ಲಿ ಲಕ್ವ ಹೊಡೆದು ಮಾತು ಹೋದ, ಏಳಲೂ ಆಗದ ಮೇಷ್ಟ್ರು. ಕೂಗಲಾಗದೆ ಅವರು ಸ್ಟೀಲ್ ಲೋಟವನ್ನು ಮಂಚದ ಕಂಬಿಗೆ ಬಡಿದರು. ನೀರು ಬೇಕೇನೋ ಎಂದುಕೊಂಡ ನಾನು ಪಾತ್ರೆ ತೊಳೆದು ಮುಗಿಸಿಯೇ ಹೋದೆ. ಅದಕ್ಕೆ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟು. ಹೊಗೆಯೊಳಗೆ ಕೆಮ್ಮುತ್ತಿದ್ದ ಅವರನ್ನು ಮಂಚದ ಸಮೇತ ಹೊರಗೆಳೆದು, ಹಾಸಿಗೆಗೆ ಕೊಡಗಟ್ಟಲೆ ನೀರು ಸುರಿದೆ. ಇನ್ನಷ್ಟು ತಡವಾಗಿದ್ದರೆ ಮೇಷ್ಟ್ರು ಮಲಗಿದಲ್ಲೇ ಹೋಗಿಬಿಡುತ್ತಿದ್ದರು.

ಇಷ್ಟಾದ ಮೇಲೆ ಮಾಲೀಕರು ಮಾಡಿದ್ದೇನು? ಇನ್ನೊಂದು ಬೋರ್ಡು ಹೊಡೆಸಿದರು, ಮೊದಲಿನದಕ್ಕಿಂತ ದೊಡ್ಡದು. ನಾನೇ ಒಂದು ಎಣ್ಣೆ ಡಬ್ಬಕ್ಕೆ ಮರಳು ತುಂಬಿ ಬೇವಿನಡಿ ಇಟ್ಟು, ಅಜ್ಜನನ್ನು ದಿನಾ ಕೈಹಿಡಿದು ಅಲ್ಲಿಗೆ ಕರೆದೊಯ್ಯತೊಡಗಿದೆ.

ತಿಂಗಳೊಳಗೆ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಮಾಲೀಕರು ಡಬ್ಬವನ್ನು ಹಿತ್ತಲಿಗೆ ಸಾಗಿಸಿ, ನಮ್ಮಲ್ಲಿ ಯಾರೂ ಸೇದುವುದಿಲ್ಲ ಎಂದು ನಗುನಗುತ್ತಾ ಹೇಳಿದರು. ಅಧಿಕಾರಿ ಎರಡೂ ಬೋರ್ಡು ನೋಡಿ ತಲೆಯಾಡಿಸಿ ಬರೆದುಕೊಂಡರು. ಆಗ ಮೇಷ್ಟ್ರ ಲೋಟ ಕಂಬಿಗೆ ಬಡಿಯತೊಡಗಿತು.

"ಅವ್ರಿಗೆ ನೀರು ಕೊಡಮ್ಮ," ಎಂದರು ಮಾಲೀಕರು.

ನಾನು ನೀರು ತರಲಿಲ್ಲ. ಹಿತ್ತಲಿಗೆ ಹೋಗಿ, ಬೀಡಿ ತುಂಡುಗಳು ಚುಚ್ಚಿಕೊಂಡಿದ್ದ ಆ ಡಬ್ಬವನ್ನು ಎತ್ತಿ ತಂದು ಅಧಿಕಾರಿಯ ಮುಂದಿಟ್ಟೆ. ಲೋಟದ ಸದ್ದು ನಿಂತಿತು.