ಮೂವತ್ತು ದಿನದ ಸೆಟ್ಟಿಂಗ್

ಅವಳ ಗಂಡ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ. ಡಬ್ಬಿಯಿಂದ ಬಂದದ್ದನ್ನು ಬಂದ ಹಾಗೇ ಓಡಿಸುವುದು ಅವನ ಜಾಯಮಾನವಲ್ಲ. ಹೊಚ್ಚ ಹೊಸ ಮೆಷಿನ್ನಾದರೂ ಬಟ್ಟೆಗೆ ತಕ್ಕಂತೆ ದಾರದ ಬಿಗಿ ತಿದ್ದಿಯೇ ಕೊಡುತ್ತಿದ್ದ.

ಯಾರೂ ಫೋನ್ ಎತ್ತದಿದ್ದಾಗ ಗಿರಾಕಿಗಳು ಹೇಳಿದ್ದು ಅವರದ್ದೇ ದನಿಯಲ್ಲಿ ಮನೆಯಲ್ಲೇ ಉಳಿಯಲಿ ಎಂದು ಹಳೆ ಕಂಪ್ಯೂಟರೊಂದನ್ನು ತಂದು, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿ, ಕಪಾಟಿನಲ್ಲಿ ಕೂರಿಸಿದ. ಮೂವತ್ತು ದಿನ ದಾಟಿದ ಮಾತನ್ನೆಲ್ಲ ತಾನಾಗಿಯೇ ಅಳಿಸುವ ಸೆಟ್ಟಿಂಗ್ ಅದರ ಜೊತೆಗೇ ಬಂದಿತ್ತು. ಅವನು ಮೂವತ್ತನ್ನು ಹೊಡೆದುಹಾಕಿ ಸೊನ್ನೆ ಬರೆದ. ಸೊನ್ನೆ ಎಂದರೆ ಯಾವತ್ತೂ ಅಳಿಸಬೇಡ ಅಂತ.

ಕೆಲಸಕ್ಕೆ ಹೋದ ಕಡೆಯಿಂದ ಹೆಂಡತಿಗೂ ಅದರಲ್ಲೇ ಹೇಳುತ್ತಿದ್ದ. ಬರೋದು ತಡ, ನೀನು ಉಣ್ಣು. ಕನ್ನಡಕ ಮರೆತೆ, ಇವರ ಮನೆಯಾಕೆ ದಾರ ಪೋಣಿಸಿಕೊಟ್ಟರು, ಹೊಟ್ಟೆ ಉರಿದುಕೋ. ಇಂಥವು ಆರು ವರ್ಷದವು ಇದ್ದವು.

ಹಾಸಿಗೆ ಹಿಡಿದಾಗ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಸಾಫ್ಟ್‌ವೇರ್ ಹೊಸದು ಬಂದಾಗ ಮೊದಲು ನನ್ನ ಸೆಟ್ಟಿಂಗ್ ಫೈಲು ಎತ್ತಿಡು, ಇಲ್ಲದಿದ್ದರೆ ಅದರದ್ದೇ ಫೈಲು ಬಂದು ಮೇಲೆ ಕೂರುತ್ತದೆ ಎಂದ. ತಮ್ಮ ಅಣ್ಣನ ಕೈ ಹಿಡಿದು ಹೂಂ ಅಂದ.

ಗಂಡ ಹೋದ ಮೇಲೆ ಮೂರು ತಿಂಗಳು ಅವಳು ಕಪಾಟಿನ ಕಡೆ ಸುಳಿಯಲಿಲ್ಲ. ಆ ದನಿ ಕೇಳುವ ಎದೆ ಇರಲಿಲ್ಲ. ಮೈದುನ ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದ. ಕೇಳಿದಾಗಲೆಲ್ಲ ಎಲ್ಲ ಸರಿಯಾಗಿದೆ ಅತ್ತಿಗೆ ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ, ಹಾಕು, ಕೇಳುತ್ತೇನೆ ಎಂದಳು. ಅವನು ನೆಲ ನೋಡಿದ.

"ಹೊಸದು ಹಾಕುವಾಗ ಫೈಲು ಎತ್ತಿಡೋದು ಮರೆತೆ ಅತ್ತಿಗೆ. ಮತ್ತೆ ಮೂವತ್ತಾಯ್ತು. ಮಾರನೇ ದಿನಕ್ಕೆ ಎಲ್ಲ ಅಳಿಸಿಹೋಗಿತ್ತು."

"ಯಾವಾಗ?"

"ಎರಡು ತಿಂಗಳಾಯ್ತು."

ನಕಲು ಇಡಲೆಂದು ನಿಮ್ಮಣ್ಣ ಸೇರಿಸಿದ್ದ ಡಿಸ್ಕ್ ಇತ್ತಲ್ಲ ಎಂದಳು. ಇತ್ತು. ಅದರಲ್ಲಿ ಇನ್ನೂ ಒಂದು ವಾರ ಎಲ್ಲವೂ ಇತ್ತು. ಆಮೇಲೆ ಅದರ ಮೇಲೂ ತಾನಾಗಿಯೇ ಹೊಸ ನಕಲು ಬಿತ್ತು. ಆ ವಾರ ಅವನು ಎರಡು ಸಲ ಬಂದಿದ್ದ. ಅವಳ ಕೈಯಿಂದ ಬಡಿಸಿಕೊಂಡು ಉಂಡು ಹೋಗಿದ್ದ.

"ಆಗ ಯಾಕೆ ಬಾಯಿ ಬಿಡಲಿಲ್ಲ?"

"ನೀವು ಬೈತೀರಿ ಅಂತ."

"ಬೈಸಿಕೊಂಡಿದ್ರೆ ನಿಮ್ಮಣ್ಣನ ದನಿ ಉಳೀತಿತ್ತಲ್ಲೋ."

ಬರೀ ಮರೆತಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳು. ಒಲೆ ಮೇಲೆ ಹಾಲಿಟ್ಟು ಅವಳೂ ಎಷ್ಟೋ ಸಲ ಮರೆತಿದ್ದಾಳೆ. ಆದರೆ ಅನ್ನ ಕಲಸುತ್ತಲೇ ಸರಿಯಾಗಿದೆ ಅಂದಿದ್ದನಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಮೈದುನ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮಾತು ಕಂಪ್ಯೂಟರಿಗೆ ಹೋಗಿ ಬಿತ್ತು. ತಪ್ಪಾಯ್ತು ಅತ್ತಿಗೆ ಎಂದು ಅತ್ತಿದ್ದ. ಈಗ ಅದರೊಳಗೆ ಇದ್ದದ್ದು ಆ ದನಿ ಒಂದೇ.

ಗಂಡ ಸೆಟ್ಟಿಂಗ್ ಎಲ್ಲ ಬರೆದಿಟ್ಟಿದ್ದ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಅವಳೇ ಸೆಟ್ಟಿಂಗ್ ಫೈಲು ತೆರೆದಳು. ಮೂವತ್ತು ಎಂದಿತ್ತು. ಮೈದುನನ ಅಳುವಿಗೂ ಅಷ್ಟೇ ದಿನ. ಸೊನ್ನೆ ಎಲ್ಲಿ ಹಾಕಬೇಕೆಂದು ನೋಟ್‌ಬುಕ್ಕಿನಲ್ಲಿ ಗಂಡ ಬಾಣದ ಗುರುತು ಹಾಕಿದ್ದ.

ಅವಳು ಏನನ್ನೂ ತಿದ್ದದೆ ಫೈಲು ಮುಚ್ಚಿದಳು.